ಹಿತ್ತಲ ಕೋಳಿಯ ಮಿಶ್ರತಳಿ: ಮರಿಗಳಲ್ಲಿ ತಂದೆತಾಯಿಯ ಗುಣ ಬರುವ ಬಗೆ

(ದಕ್ಷಿಣ ಬೆಂಗಳೂರಿನ ಕೋಳಿ ಸಾಕಣೆದಾರರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೇಸಾಯಶಾಸ್ತ್ರದ ಅಧ್ಯಾಪಕನೊಬ್ಬ ಕೋಳಿಯ ವಿಷಯ ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣವಿದೆ. ಹಿಂದೆ ಇಂಥದೇ ಒಂದು ಸಭೆಯಲ್ಲಿ ನಾನು ಬಿತ್ತನೆ ಬೀಜದ ವಿಷಯ ಹೇಳಿ ಮುಗಿಸಿದಾಗ, ಸಾರಕ್ಕಿಯ ಹಳೆಯ ಊರಿನ ತಾಯಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಸ್ವಾಮಿ, ನಾನು ತಂದ ಸುಧಾರಿತ ಕೋಳಿ ಚೆನ್ನಾಗಿ ಬೆಳೆಯಿತು, ಚೆನ್ನಾಗಿ ಮೊಟ್ಟೆ ಇಟ್ಟಿತು. ಅದರ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಸಿದೆ. ಆ ಮರಿಗಳು ಒಂದೂ ತಾಯಿಯಂತೆ ಆಗಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರಲ್ಲ, ಕೋಳಿಗೆ ಆ ಗಾದೆ ಇಲ್ಲವೇ?"

ಅವರ ಕಷ್ಟ ಪ್ರಶ್ನೆಗಿಂತ ದೊಡ್ಡದಾಗಿತ್ತು. ಸುಧಾರಿತ ಕೋಳಿಯ ಮೇಲಿನ ನಂಬಿಕೆಯಿಂದ, ಅತ್ತೆಯ ಕಾಲದಿಂದ ಮನೆಯಲ್ಲಿದ್ದ ನಾಟಿ ಹೇಂಟೆಗಳನ್ನೆಲ್ಲ ಅವರು ಮಾರಿಬಿಟ್ಟಿದ್ದರು. ಮೂರನೆಯ ವರ್ಷಕ್ಕೆ ಗೂಡಿನಲ್ಲಿ ಉಳಿದದ್ದು ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಕೆಂಪು, ಒಂದು ಕಪ್ಪು ಹೀಗೆ ಬೆರಕೆ ಕೋಳಿಗಳು. ಮೊಟ್ಟೆಯೂ ಕಡಿಮೆ. ಕಾವಿಗೆ ಕೂರುವ ಕೋಳಿ ಒಂದೂ ಇಲ್ಲ. ನಾಟಿ ಕೋಳಿಯೂ ಹೋಯಿತು, ಸುಧಾರಿತ ಕೋಳಿಯೂ ಉಳಿಯಲಿಲ್ಲ. ಅಂದು ನಾನು ಕೊಟ್ಟ ಚುಟುಕು ಉತ್ತರದಿಂದ ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಇಂದು ಅದೇ ಉತ್ತರವನ್ನು ಬಿಡಿಸಿ ಹೇಳುತ್ತೇನೆ.

ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ಎದ್ದ ಮೇಲೂ ಅವುಗಳ ನಡುವೆ ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿ, ಜರಗನಹಳ್ಳಿ, ಕದಿರೇನಹಳ್ಳಿಗಳಂಥ ಹಳೆಯ ಊರುಗಳು ಹೆಸರು ಉಳಿಸಿಕೊಂಡಿವೆ. ಅಲ್ಲಿನ ಹಿತ್ತಲಿಗೂ ಕನಕಪುರ ರಸ್ತೆಯ ಹಳ್ಳಿಯ ತಿಪ್ಪೆಗೂ ನಾನು ಹೇಳುವ ಮಾತು ಒಂದೇ ರೀತಿಯಲ್ಲಿ ಅನ್ವಯಿಸುತ್ತದೆ.

ರಾಗಿಯ ಬೀಜ ಮತ್ತು ಕೋಳಿಯ ಮೊಟ್ಟೆ

ನಮಗೆ ಗೊತ್ತಿರುವ ಬೆಳೆಯಿಂದಲೇ ಆರಂಭಿಸೋಣ. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಅವು 1970ರ ದಶಕದಲ್ಲಿ ನಮ್ಮ ಹೊಲಗಳಿಗೆ ಬಂದವು. ಇಂಡಾಫ್ ರಾಗಿಯ ಹುಟ್ಟು ಸಂಕರಣದಿಂದಲೇ ಆದರೂ, ರೈತರು ಅದರ ಬೀಜವನ್ನು ತಾವೇ ಇಟ್ಟುಕೊಂಡು ಮರುವರ್ಷ ಬಿತ್ತಿದರು. ಬೆಳೆ ಕೆಡಲಿಲ್ಲ. ಆದರೆ ಹೈಬ್ರಿಡ್ ಮುಸುಕಿನ ಜೋಳದ ಕಾಳನ್ನು ಇಟ್ಟು ಮರುವರ್ಷ ಬಿತ್ತಿದವರಿಗೆ ಏನಾಯಿತೆಂಬುದು ನಿಮಗೆ ಗೊತ್ತು. ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ತೆನೆ ತುಂಬಿದೆ, ಇನ್ನೊಂದರದು ಬೋಳು.

ಕಾರಣವಿಷ್ಟೆ. ರಾಗಿಯ ಹೂವು ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಸಂಕರಣದ ನಂತರ ಹಲವು ಪೀಳಿಗೆ ಆರಿಸುತ್ತ ಹೋದರೆ ಗುಣಗಳು ನೆಲೆಗೊಳ್ಳುತ್ತವೆ. ಲಕ್ಷ್ಮಣಯ್ಯನವರು ಆ ಕೆಲಸ ಮುಗಿಸಿದ ಮೇಲೆಯೇ ಬೀಜ ರೈತನ ಕೈಗೆ ಬಂದದ್ದು. ಮುಸುಕಿನ ಜೋಳ ಹಾಗಲ್ಲ, ಅಲ್ಲಿ ಒಂದು ಗಿಡದ ಪರಾಗ ಇನ್ನೊಂದಕ್ಕೆ ಬೀಳುತ್ತದೆ. ಹೈಬ್ರಿಡ್ ಬೀಜ ಎರಡು ಬೇರೆ ವಂಶಗಳ ಮೊದಲ ಕೂಡಿಕೆಯ ಫಲ. ಆ ಫಲ ಒಂದು ಪೀಳಿಗೆಗೆ ಮಾತ್ರ.

ಕೋಳಿ ಈ ವಿಷಯದಲ್ಲಿ ಮುಸುಕಿನ ಜೋಳದ ಜಾತಿಗೆ ಸೇರಿದ್ದು. ಪ್ರತಿ ಮರಿಗೂ ಒಂದು ಹುಂಜ, ಒಂದು ಹೇಂಟೆ ಬೇಕೇ ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1980ರ ದಶಕದ ಕೊನೆಯಲ್ಲಿ ಹೆಬ್ಬಾಳದಿಂದ ಹೊರತಂದ ಗಿರಿರಾಜ ಕೋಳಿಯನ್ನೂ, ಅನಂತರ ಅದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೀದರಿನ ಪಶು ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೇಲೆ ಬಂದ ಸ್ವರ್ಣಧಾರ ಕೋಳಿಯನ್ನೂ ನೀವು ಬಲ್ಲಿರಿ. ಇವು ಬೇರೆ ಬೇರೆ ವಂಶಗಳನ್ನು ಲೆಕ್ಕವಿಟ್ಟು ಕೂಡಿಸಿ ಪಡೆದ ಕೋಳಿಗಳು. ನಿಮ್ಮ ಮನೆಗೆ ಬರುವ ಒಂದು ದಿನದ ಮರಿ ಹೈಬ್ರಿಡ್ ಬೀಜವಿದ್ದಂತೆ. ಅದನ್ನು ಸಾಕಿ ಮೊಟ್ಟೆ, ಮಾಂಸ ಪಡೆಯಬಹುದು. ಅದರಿಂದಲೇ ವಂಶ ಬೆಳೆಸಲು ಹೊರಟರೆ, ಇಟ್ಟ ಜೋಳದ ಕಾಳನ್ನೇ ಬಿತ್ತಿದಂತಾಗುವುದು.

ಬೋಳು ಕುತ್ತಿಗೆ ಕಲಿಸುವ ಪಾಠ

ಗುಣಗಳು ಹೇಗೆ ಹಂಚಿಹೋಗುತ್ತವೆಂಬುದನ್ನು ಕಣ್ಣಿಗೆ ಕಾಣುವ ಒಂದು ಗುಣದಿಂದ ತಿಳಿಯೋಣ. ಕುತ್ತಿಗೆಯ ಮೇಲೆ ಗರಿಯಿಲ್ಲದ ಕೋಳಿಯನ್ನು ನೀವೆಲ್ಲ ಕಂಡಿದ್ದೀರಿ. ಕೆಲವರು ಅದನ್ನು ರೋಗವೆಂದು ತಿಳಿಯುತ್ತಾರೆ. ಅದು ರೋಗವಲ್ಲ, ವಂಶದ ಗುಣ. ಮೈಮೇಲೂ ಗರಿ ಕಡಿಮೆಯಿರುವುದರಿಂದ ಈ ಕೋಳಿ ಬಿಸಿಲನ್ನು ಹೆಚ್ಚು ತಡೆಯುತ್ತದೆ.

ಪ್ರತಿಯೊಂದು ಗುಣಕ್ಕೂ ಮರಿಯಲ್ಲಿ ಎರಡು ವಂಶವಾಹಿಗಳಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಎರಡೂ ಬೋಳು ಕುತ್ತಿಗೆಯವಾದರೆ ಕುತ್ತಿಗೆ ಪೂರ್ತಿ ಬೋಳು. ಒಂದು ಮಾತ್ರ ಬೋಳಿನದಾದರೆ ಕುತ್ತಿಗೆ ಬೋಳಾಗಿದ್ದರೂ ಮುಂಭಾಗದಲ್ಲಿ ಗರಿಯ ಒಂದು ಗೊಂಚಲು ಇರುತ್ತದೆ. ಈ ಗೊಂಚಲೇ ನಿಮಗೆ ಗುರುತು.

ಈಗ ಲೆಕ್ಕ ನೋಡಿ. ಪೂರ್ತಿ ಬೋಳು ಕುತ್ತಿಗೆಯ ಹುಂಜವನ್ನು ಸಾಮಾನ್ಯ ನಾಟಿ ಹೇಂಟೆಗಳಿಗೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಗೊಂಚಲಿನ ಬೋಳು ಕುತ್ತಿಗೆಯವು. ಒಂದೂ ತಪ್ಪುವುದಿಲ್ಲ. ಎಲ್ಲ ಮರಿಗಳೂ ಒಂದೇ ಸಮನಾಗಿರುವುದನ್ನು ಕಂಡು, ತಳಿ ಸಿದ್ಧವಾಯಿತೆಂದು ರೈತ ಸಂತೋಷಪಡುತ್ತಾನೆ. ಮುಂದಿನ ವರ್ಷ ಆ ಮರಿಗಳಲ್ಲೇ ಹುಂಜವನ್ನೂ ಹೇಂಟೆಯನ್ನೂ ಕೂಡಿಸುತ್ತಾನೆ. ಆಗ ಸರಾಸರಿ ನಾಲ್ಕು ಮರಿಗೆ ಒಂದು ಪೂರ್ತಿ ಬೋಳು, ಎರಡು ಗೊಂಚಲಿನವು, ಒಂದು ಅಜ್ಜಿಯಂತೆ ತುಂಬುಗರಿಯದು. ಮೊದಲ ಪೀಳಿಗೆಯಲ್ಲಿ ಅಡಗಿದ್ದ ಗುಣ ಎರಡನೆಯದರಲ್ಲಿ ಹೊರಬಿತ್ತು.

ಈ ನಿಯಮವನ್ನು ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಕಂಡುಕೊಂಡು 1866ರಲ್ಲಿ ಪ್ರಕಟಿಸಿದರು. ಪ್ರಪಂಚ ಅದರ ಬೆಲೆಯನ್ನು ಅರಿತದ್ದು 1900ರಲ್ಲಿ. ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ಪ್ರಾಣಿಗಳಿಗೂ ಈ ನಿಯಮ ಅನ್ವಯಿಸುವುದೆಂದು ತೋರಿಸಿದ್ದು ಕೋಳಿಗಳನ್ನು ಕೂಡಿಸಿಯೇ.

ಒಂದು ಎಚ್ಚರಿಕೆ. ನಾಲ್ಕಕ್ಕೆ ಒಂದು ಎಂದರೆ ಪ್ರತಿ ಕಾವಿನಲ್ಲೂ ಹಾಗೆಯೇ ಬರುವುದೆಂದು ಅರ್ಥವಲ್ಲ. ಹನ್ನೆರಡು ಮರಿಯಲ್ಲಿ ಮೂರು ತುಂಬುಗರಿಯವು ಬರಬೇಕೆಂಬುದು ಸರಾಸರಿ ಲೆಕ್ಕ. ಒಂದೇ ಬರಬಹುದು, ಐದೂ ಬರಬಹುದು. ಹಲವು ಕಾವುಗಳ ಲೆಕ್ಕ ಕೂಡಿಸಿದಾಗ ನಿಯಮ ಕಾಣುತ್ತದೆ. ಆದ್ದರಿಂದ ಒಂದು ಮಂಕರಿಯ ಮರಿ ನೋಡಿ ತೀರ್ಮಾನಕ್ಕೆ ಬರಕೂಡದು.

ಜುಟ್ಟು ಹೇಳುವ ಸಾಕ್ಷಿ

ಜುಟ್ಟಿನ ವಿಷಯವೂ ಹೀಗೆಯೇ. ಗರಗಸದ ಹಲ್ಲಿನಂತೆ ಎದ್ದು ನಿಂತ ಒಂಟಿ ಜುಟ್ಟು ನಮ್ಮ ಕೋಳಿಗಳಲ್ಲಿ ಸಾಮಾನ್ಯ. ಕಾಳಗಕ್ಕೆ ಹೆಸರಾದ ಅಸೀಲ್ ಕೋಳಿಯದು ತಲೆಗೆ ಅಂಟಿದಂತಿರುವ, ಮೂರು ಸಾಲಿನ ಗಿಡ್ಡ ಜುಟ್ಟು. ಎರಡನ್ನೂ ಕೂಡಿಸಿದರೆ ಗಿಡ್ಡ ಜುಟ್ಟು ಪ್ರಬಲ ಗುಣ, ಒಂಟಿ ಜುಟ್ಟು ದುರ್ಬಲ ಗುಣ. ಪ್ರಬಲ ಗುಣ ಒಂದು ಪಾಲಿದ್ದರೂ ಕಾಣಿಸಿಕೊಳ್ಳುತ್ತದೆ. ದುರ್ಬಲ ಗುಣ ಕಾಣಬೇಕಾದರೆ ತಂದೆತಾಯಿ ಇಬ್ಬರಿಂದಲೂ ಬರಬೇಕು.

ಇದರಿಂದ ಒಂದು ಉಪಯೋಗವಿದೆ. ಗಿಡ್ಡ ಜುಟ್ಟಿನ ಹುಂಜಕ್ಕೂ ಗಿಡ್ಡ ಜುಟ್ಟಿನ ಹೇಂಟೆಗೂ ಒಂಟಿ ಜುಟ್ಟಿನ ಮರಿ ಹುಟ್ಟಿದರೆ ಪಕ್ಕದ ಮನೆಯ ಹುಂಜದ ಮೇಲೆ ಗುಮಾನಿ ಪಡಬೇಕಾಗಿಲ್ಲ. ಇಬ್ಬರಲ್ಲೂ ಒಂಟಿ ಜುಟ್ಟು ಅಡಗಿತ್ತು, ಅಷ್ಟೆ. ಆದರೆ ಒಂಟಿ ಜುಟ್ಟಿನ ಎರಡು ಕೋಳಿಗಳಿಗೆ ಗಿಡ್ಡ ಜುಟ್ಟಿನ ಮರಿ ಹುಟ್ಟಿದರೆ ಖಂಡಿತವಾಗಿ ಬೇರೆ ಹುಂಜ ಬೇಲಿ ಹಾರಿದೆ. ದುರ್ಬಲ ಗುಣದ ಎರಡು ಕೋಳಿಗಳಲ್ಲಿ ಪ್ರಬಲ ಗುಣ ಅಡಗಿರಲು ಸಾಧ್ಯವೇ ಇಲ್ಲ.

ಎಲ್ಲ ಗುಣವೂ ಹೀಗೆ ನಿರಪಾಯವಲ್ಲ. ತೀರ ಗಿಡ್ಡ ಕಾಲಿನ ಕೋಳಿಗಳು ಅಲ್ಲಲ್ಲಿ ಕಾಣಸಿಗುತ್ತವೆ. ಇವು ಚೆಂದವೆಂದು ಗಿಡ್ಡ ಕಾಲಿನ ಹುಂಜಕ್ಕೆ ಗಿಡ್ಡ ಕಾಲಿನ ಹೇಂಟೆಯನ್ನೇ ಕೂಡಿಸುವವರಿದ್ದಾರೆ. ಆ ವಂಶವಾಹಿ ಎರಡೂ ಕಡೆಯಿಂದ ಬಂದ ಪಿಂಡ ಮೊಟ್ಟೆಯೊಳಗೇ ಸಾಯುತ್ತದೆ. ಸರಾಸರಿ ನಾಲ್ಕರಲ್ಲಿ ಒಂದು ಮೊಟ್ಟೆ ಹಾಳು. ರೈತ ಕಾವಿನ ಕೋಳಿಯನ್ನು ಬೈಯುತ್ತಾನೆ. ಅದರ ತಪ್ಪೇನೂ ಇಲ್ಲ.

ಹೆಣ್ಣೋ ಗಂಡೋ ತೀರ್ಮಾನಿಸುವುದು ಹೇಂಟೆ

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವಂಶವಾಹಿಯಿಂದ ನಿರ್ಧಾರವಾಗುತ್ತದೆ. ಕೋಳಿಗಳಲ್ಲಿ ಇದು ತಿರುವುಮುರುವು. ಮರಿ ಹುಂಜವೋ ಹೇಂಟೆಯೋ ಎಂಬುದು ತಾಯಿಯ ಕಡೆಯಿಂದ ನಿರ್ಧಾರವಾಗುತ್ತದೆ. ಇದರ ಫಲವಾಗಿ ಕೆಲವು ಗುಣಗಳು ತಾಯಿಯಿಂದ ಗಂಡು ಮರಿಗೆ ಮಾತ್ರ ಹೋಗುತ್ತವೆ.

ಮೈಮೇಲೆ ಬಿಳಿ ಕಪ್ಪು ಅಡ್ಡ ಪಟ್ಟೆಗಳಿರುವ ಪ್ಲಿಮತ್ ರಾಕ್ ಹೇಂಟೆಗಳಿಗೆ ಪಟ್ಟೆಯಿಲ್ಲದ ಕೆಂಪು ರೋಡ್ ಐಲೆಂಡ್ ಹುಂಜವನ್ನು ಬಿಟ್ಟರೆ, ಗಂಡು ಮರಿಗಳ ತಲೆಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಹೆಣ್ಣು ಮರಿಗಳ ತಲೆ ಕಪ್ಪು. ಒಂದು ದಿನದ ಮರಿಯನ್ನೇ ಬೇರ್ಪಡಿಸಬಹುದು. ಆದರೆ ಹುಂಜ ಪಟ್ಟೆಯದು, ಹೇಂಟೆ ಕೆಂಪು ಎಂದು ಅದಲುಬದಲು ಮಾಡಿದರೆ ಈ ಗುರುತು ಸಿಗುವುದಿಲ್ಲ, ಗಂಡು ಹೆಣ್ಣು ಎಲ್ಲಕ್ಕೂ ಪಟ್ಟೆ ಬರುತ್ತದೆ. ಯಾವ ತಳಿಯದು ತಂದೆ, ಯಾವುದರದು ತಾಯಿ ಎಂಬುದು ಮುಖ್ಯವೆನ್ನುವುದಕ್ಕೆ ಇದು ಸಾಕ್ಷಿ.

ತೂಕ, ಮೊಟ್ಟೆ, ಕಾವು

ಕುತ್ತಿಗೆ, ಜುಟ್ಟು, ಪಟ್ಟೆ ಇವು ಒಂದೆರಡು ವಂಶವಾಹಿಗಳ ಕೆಲಸ. ರೈತನಿಗೆ ಬೇಕಾದ ತೂಕ ಮತ್ತು ಮೊಟ್ಟೆಯ ಸಂಖ್ಯೆ ಹಾಗಲ್ಲ. ಅವುಗಳ ಹಿಂದೆ ಅನೇಕ ವಂಶವಾಹಿಗಳಿವೆ, ಜೊತೆಗೆ ಮೇವು, ನೀರು, ಗೂಡು, ರೋಗ ಎಲ್ಲವೂ ಸೇರುತ್ತವೆ. ಇವುಗಳಲ್ಲಿ ತೂಕ ತಂದೆತಾಯಿಯಿಂದ ಮರಿಗೆ ಸಾಕಷ್ಟು ಮಟ್ಟಿಗೆ ಇಳಿದು ಬರುತ್ತದೆ. ದಪ್ಪ ಕೋಳಿಗಳನ್ನೇ ಆರಿಸಿ ಇಟ್ಟರೆ ಕೆಲವು ಪೀಳಿಗೆಯಲ್ಲಿ ಫಲ ಕಾಣುವಿರಿ. ಮೊಟ್ಟೆಯ ಸಂಖ್ಯೆ ಅಷ್ಟು ಸುಲಭವಾಗಿ ಇಳಿಯದು. ಹೆಚ್ಚು ಮೊಟ್ಟೆಯಿಟ್ಟ ಹೇಂಟೆಯ ಮಗಳು ಹೆಚ್ಚು ಇಡುವಳೆಂಬ ಭರವಸೆ ಕಡಿಮೆ.

ಬೇರೆ ಬೇರೆ ವಂಶಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಒಂದು ಹುರುಪು ಕಾಣುತ್ತದೆ. ಮರಿ ಗಟ್ಟಿಯಾಗಿರುತ್ತದೆ, ಬೇಗ ಬೆಳೆಯುತ್ತದೆ, ಮೊಟ್ಟೆ ಹೆಚ್ಚುತ್ತದೆ. ಇದಕ್ಕೆ ಸಂಕರಣದ ಹುರುಪು ಎನ್ನುತ್ತೇವೆ. ಈ ಮಿಶ್ರತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಹುರುಪಿನ ಸುಮಾರು ಅರ್ಧ ಭಾಗ ಮುಂದಿನ ಪೀಳಿಗೆಯಲ್ಲೇ ಕಳೆದುಹೋಗುತ್ತದೆ. ಹಿತ್ತಲಿನಲ್ಲಿ ಇರುವುದು ಒಂದೇ ಹುಂಜ. ಆದ್ದರಿಂದ ಅಣ್ಣ ತಂಗಿ, ತಂದೆ ಮಗಳು ಕೂಡುವುದು ತಪ್ಪುವುದಿಲ್ಲ. ಇಂಥ ಒಳಸಂಬಂಧದಿಂದ ಅಡಗಿದ್ದ ಕೆಟ್ಟ ಗುಣಗಳು ಹೊರಬೀಳುತ್ತವೆ, ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ, ಮರಿ ಸಾಯುವುದು ಹೆಚ್ಚು. ಸಾರಕ್ಕಿಯ ತಾಯಿಯ ಗೂಡಿನಲ್ಲಿ ಆದದ್ದು ಇದೇ. ಅವರ ಆರೈಕೆಯಲ್ಲಿ ಕೊರತೆಯಿರಲಿಲ್ಲ. ಮೊದಲ ಪೀಳಿಗೆಯ ಗುಣ ಮೂರನೆಯದಕ್ಕೂ ಬರುವುದೆಂದು ಅವರಿಗೆ ಯಾರೋ ಹೇಳಿದ್ದರು, ಇಲ್ಲವೆಂದು ಯಾರೂ ಹೇಳಿರಲಿಲ್ಲ. ವಿಸ್ತರಣಾ ಮಿತ್ರರು ಇದನ್ನು ಮನಸ್ಸಿನಲ್ಲಿ ಇಡಬೇಕು. ಮರಿ ಹಂಚುವ ದಿನವೇ ಈ ಮಾತನ್ನೂ ಹೇಳುವುದು ನಮ್ಮ ಕರ್ತವ್ಯ.

ಇನ್ನು ಕಾವಿನ ವಿಷಯ. ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಬಂದ ತಳಿಗಳಲ್ಲಿ ಕಾವಿಗೆ ಕೂರುವ ಸ್ವಭಾವ ಕ್ಷೀಣಿಸಿರುತ್ತದೆ. ಬಿಳಿ ಲೆಗಾರ್ನ್ ಕೋಳಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಎರಡೂ ಒಂದೇ ಕೋಳಿಯಲ್ಲಿ ಪೂರ್ಣವಾಗಿ ಸಿಗಲಾರವು. ನಮ್ಮ ನಾಟಿ ಹೇಂಟೆ ವರ್ಷಕ್ಕೆ ಅರವತ್ತು ಎಂಬತ್ತು ಮೊಟ್ಟೆ ಮಾತ್ರ ಇಟ್ಟರೂ, 21 ದಿನ ಕೂತು ಮರಿ ಮಾಡಿ, ಹದ್ದು ಕಾಗೆ ಬಂದರೆ ರೆಕ್ಕೆಯಡಿಗೆ ಕರೆದುಕೊಂಡು, ಕೆದಕಿ ಮೇಯುವುದನ್ನು ಕಲಿಸುತ್ತದೆ. ಸುಧಾರಿತ ಕೋಳಿಯ ಮೊಟ್ಟೆಗೆ ಬೆಲೆ ಕಟ್ಟುವಾಗ ನಾಟಿ ಹೇಂಟೆಯ ಈ ದುಡಿಮೆಗೂ ಬೆಲೆ ಕಟ್ಟಬೇಕು.

ಮಾಡಬೇಕಾದ ಕ್ರಮ

ಹಾಗಾದರೆ ರೈತ ಏನು ಮಾಡಬೇಕು? ಮೂರು ದಾರಿಗಳಿವೆ. ಯಾವುದಾದರೂ ಒಂದನ್ನು ಹಿಡಿಯಿರಿ, ಮೂರನ್ನೂ ಕಲಸಬೇಡಿರಿ.

ಮೊದಲನೆಯದು, ಸುಧಾರಿತ ಕೋಳಿಯನ್ನೇ ಸಾಕುವುದು. ಹಾಗಿದ್ದರೆ ಪ್ರತಿ ತಂಡಕ್ಕೂ ನಂಬಿಕೆಯ ಕೇಂದ್ರದಿಂದ ಹೊಸ ಮರಿಗಳನ್ನೇ ತರಬೇಕು. ಇದರ ಖರ್ಚನ್ನು ಬೀಜದ ಖರ್ಚಿನಂತೆ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು, ನಾಟಿ ಹೇಂಟೆಗಳನ್ನು ಉಳಿಸಿಕೊಂಡು ಸುಧಾರಿತ ತಳಿಯ ಹುಂಜವೊಂದನ್ನು ಬಿಡುವುದು. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಟ್ಟುವ ಮೊದಲ ಪೀಳಿಗೆಯನ್ನು ಮೊಟ್ಟೆ, ಮಾಂಸಕ್ಕೆ ಬಳಸಿರಿ. ಅದರಲ್ಲಿನ ಹುಂಜಗಳನ್ನು ವಂಶಕ್ಕೆ ಇಡಕೂಡದು, ಬೆಳೆದ ಕೂಡಲೇ ಮಾರಬೇಕು. ತಂದ ಹುಂಜವನ್ನು ತನ್ನ ಹೆಣ್ಣು ಮರಿಗಳು ಬೆಳೆದು ಗೂಡಿಗೆ ಸೇರುವ ಮೊದಲೇ ಬದಲಿಸಬೇಕು. ಮುಂದಿನ ತಲೆಮಾರಿನ ನಾಟಿ ಹೇಂಟೆಗಳಿಗಾಗಿ ಕೆಲವನ್ನು ನಾಟಿ ಹುಂಜದೊಂದಿಗೆ ಬೇರೆಯಾಗಿ ಇಡಬೇಕು.

ಮೂರನೆಯದು, ನಾಟಿ ಕೋಳಿಯನ್ನೇ ಬೆರಕೆಯಿಲ್ಲದೆ ಸಾಕಿ, ಅದರಲ್ಲೇ ಆರಿಸುವುದು. ಚೆನ್ನಾಗಿ ಮರಿ ಮಾಡಿ ಮರಿ ಉಳಿಸಿಕೊಳ್ಳುವ ಹೇಂಟೆಯ ಮೊಟ್ಟೆಗಳನ್ನೇ ಕಾವಿಗಿಡಿ. ಹುಂಜವನ್ನು ವರ್ಷಕ್ಕೊಮ್ಮೆ ದೂರದ ಊರಿನ ನಾಟಿ ಹುಂಜದೊಂದಿಗೆ ಬದಲಿಸಿಕೊಳ್ಳಿ. ನಾಟಿ ಕೋಳಿಗೆ ಪೇಟೆಯಲ್ಲಿ ಸಿಗುವ ಹೆಚ್ಚಿನ ದರ ಈ ದಾರಿಯವರಿಗೆ ಅನುಕೂಲ.

ಯಾವ ದಾರಿಯಾದರೂ ಕೆಲವು ನಿಯಮಗಳು ಎಲ್ಲರಿಗೂ ಒಂದೇ. ಹುಂಜವನ್ನು ತೆಗೆದ ಮೇಲೂ ಅದರ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಹತ್ತು ಹದಿನಾಲ್ಕು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಜೀವಂತವಾಗಿರುತ್ತದೆ. ಆದ್ದರಿಂದ ಹುಂಜ ಬದಲಿಸಿದರೆ ಮೂರು ವಾರದ ಮೊಟ್ಟೆಗಳನ್ನು ತಿನ್ನಲು ಬಳಸಿ, ಅನಂತರದ ಮೊಟ್ಟೆಗಳನ್ನು ಕಾವಿಗಿಡಿ. ಇಲ್ಲವಾದರೆ ಮರಿಯ ತಂದೆ ಯಾವುದೆಂದು ಹೇಳಲಾಗದು. ಪ್ರತಿ ಕಾವಿನ ಮರಿಗಳ ಕಾಲಿಗೂ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ಕಾಲು ದಪ್ಪವಾದಂತೆ ಬದಲಿಸಿ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಕಾವಿಗಿಟ್ಟ ದಿನ, ಮೊಟ್ಟೆಯ ಸಂಖ್ಯೆ, ಒಡೆದ ಮರಿ, ಉಳಿದ ಮರಿ ಇಷ್ಟನ್ನು ಬರೆದಿಡಿ. ವರ್ಷದ ಕೊನೆಗೆ ಯಾವ ಹೇಂಟೆಯನ್ನು ಇಡಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಆ ಪುಟವೇ ಹೇಳುವುದು.

ಇನ್ನೊಂದು ಮಾತು. ಮಿಶ್ರತಳಿಯಾದ ಮಾತ್ರಕ್ಕೆ ಕೊಕ್ಕರೆ ರೋಗ ಬಿಡುವುದಿಲ್ಲ. ರಾಣಿಖೇತ್ ಎಂದು ಕರೆಯುವ ಈ ರೋಗ ಬಂದರೆ ನಾಟಿ, ಸುಧಾರಿತ ಎಂಬ ಭೇದವಿಲ್ಲದೆ ಗೂಡು ಬರಿದಾಗುವುದು. ಮೊದಲ ವಾರದಲ್ಲಿ ಹನಿ ಲಸಿಕೆ, ಎಂಟನೆಯ ವಾರದ ಸುಮಾರಿಗೆ ಚುಚ್ಚು ಲಸಿಕೆ ಹಾಕಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಬಂಧುಗಳೇ, ಗಾದೆ ಸುಳ್ಳಲ್ಲ. ನೂಲಿನಂತೆಯೇ ಸೀರೆ. ಆದರೆ ಮಿಶ್ರತಳಿಯೆಂಬ ಸೀರೆಯಲ್ಲಿ ಎರಡು ಬಗೆಯ ನೂಲುಗಳಿವೆ. ಒಮ್ಮೆ ಬಿಚ್ಚಿ ಮತ್ತೆ ನೇಯ್ದರೆ ಅದೇ ಅಂಚು, ಅದೇ ಸೆರಗು ಬರುವುದಿಲ್ಲ. ಗಿರಿರಾಜದಂಥ ಕೋಳಿಗಳ ಮರಿ ಮತ್ತೆ ಸಿಗುತ್ತದೆ, ಹಣ ಕೊಟ್ಟರೆ ನಾಳೆಯೇ ಸಿಗುತ್ತದೆ. ನಿಮ್ಮ ಊರಿನ ಬಿಸಿಲಿಗೆ, ನಿಮ್ಮ ತಿಪ್ಪೆಯ ಮೇವಿಗೆ ತಲೆತಲಾಂತರದಿಂದ ಒಗ್ಗಿದ ನಾಟಿ ವಂಶ ಒಮ್ಮೆ ಬೆರೆತು ಹೋದರೆ ಯಾವ ಕೇಂದ್ರದಲ್ಲೂ ಸಿಗದು. ಸುಧಾರಣೆಗೆ ಹೊರಡುವ ಮೊದಲು ಅದನ್ನು ಉಳಿಸಿಕೊಳ್ಳಿ ಎಂಬುದೇ ನನ್ನ ಬಿನ್ನಹ.

ಸಾರಕ್ಕಿಯ ಆ ತಾಯಿ ಈಗ ಕನಕಪುರದ ಕಡೆಯ ತಂಗಿಯ ಮನೆಯಿಂದ ಎರಡು ನಾಟಿ ಹೇಂಟೆಗಳನ್ನು ತಂದಿದ್ದಾರೆ. ಒಂದು ಕಾವಿಗೆ ಕೂತಿದೆಯೆಂದು ಇಂದು ಬೆಳಿಗ್ಗೆ ಹೇಳಿದರು. ಅವರು ಇದೇ ಸಭೆಯಲ್ಲಿದ್ದಾರೆ. ಇನ್ನು ಪ್ರಶ್ನೆಗಳನ್ನು ಅವರಿಂದಲೇ ಆರಂಭಿಸೋಣ.